ಮೇಲೆ ಯಾರ ಹೆಸರು

೧.೧೨.೯೬, ಆದಿತ್ಯವಾರ. ಬೆಳಿಗ್ಗೆ ೯

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಬೋರ್ಡ್ ಒರೆಸಿದೆ. ಹೊಸತು ಬರೆದೆ. ತಲೆಬರಹ ಯಾವತ್ತಿನದೇ — ಕಲಾವಿದರಿಗೆ ಸುದ್ದಿ. ಮಾಟುಂಗಾದಲ್ಲಿ ಏಕಾಂಕ ನಾಟಕ ಸ್ಪರ್ಧೆ, ಹೆಸರು ಕೊಡಲು ಹದಿನೈದು ಕೊನೆ. ಠಾಣೆಯ ಭಜನಾ ಮಂಡಳಿಗೆ ಹಾರ್ಮೋನಿಯಂ ಬಾರಿಸುವವರು ಬೇಕು, ಕುಡಿಯದವರು. ಯಕ್ಷಗಾನದ ಕಿರೀಟ ಬಾಡಿಗೆಗೆ ಉಂಟು, ಉಲ್ಹಾಸನಗರ. ಕೊನೆಯದು ಬೇಲಾಪುರದ ಸರ್ಕಾರಿ ಆಫೀಸಿನವರ ಲೋಕಕಲಾ ಮೇಳ, ಜನವರಿ ೨೬ಕ್ಕೆ ವಾಶಿಯಲ್ಲಿ. ಯಾವ ಭಾಷೆಯ ಜನಪದ ಕಲೆಯಾದರೂ ಆಗಬಹುದು. ಫಾರ್ಮ್ ನನ್ನ ಹತ್ತಿರ.

ಕಾರ್ಯದರ್ಶಿ ಕಶ್ಯಪ ಬಂದ. ಬ್ಯಾಂಕಿನ ಮನುಷ್ಯ, ಇಸ್ತ್ರಿ ಶರಟು.

"ತಾರಾನಾಥಣ್ಣ, ನಿಮ್ಮ ಅಕ್ಷರ ಚಂದ ಉಂಟು. ಆದ್ರೆ ಓದುವವರು ಯಾರು ಮಾರಾಯ್ರೆ?"

"ನೀನು ಓದಿದೆಯಲ್ಲ."

"ನಾನು ಕಲಾವಿದ ಅಲ್ಲವಲ್ಲ."

"ಅದು ಗೊತ್ತುಂಟು. ನಿನ್ನ ಭಾಷಣ ಕೇಳಿದ್ದೇನೆ."

ಹೋದ. ಆದರೆ ಮಾತು ಚುಚ್ಚಿತು. ಹೋಟೆಲು ಮಗನ ಕೈಗೆ ಕೊಟ್ಟ ಮೇಲೆ ಆರು ವರ್ಷದಿಂದ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹತ್ತನೇ ವಯಸ್ಸಿಗೆ ಹೋಟೆಲಿನ ಕಪ್ಪು-ಬಸಿ ತೊಳೆಯಲು ಬೊಂಬಾಯಿಗೆ ಬಂದವನು. ಊರಿನ ಆಟದಲ್ಲಿ ಒಂದೇ ಸಲ ಕೋಡಂಗಿ ವೇಷ ಹಾಕಿದ್ದೆ, ಅಷ್ಟೇ ನನ್ನ ಕಲೆ. ಈ ಬೋರ್ಡ್ ನೋಡಿ ಒಬ್ಬನೇ ಒಬ್ಬನಿಗೆ ಒಂದು ಅವಕಾಶ ಸಿಕ್ಕಿದ್ದು ನೆನಪಿಲ್ಲ. ಹಾರ್ಮೋನಿಯಂನವನೂ ಸಿಕ್ಕಿಲ್ಲ. ಕುಡಿಯದವರು ಎಂದು ಬರೆದದ್ದು ತಪ್ಪಾಯಿತೋ ಏನೋ.

ಅದೇ ದಿನ, ಸಂಜೆ ೭

ಅಕ್ಕಿ ನೋಡಲು ಕಲ್ಯಾಣಕ್ಕೆ ಹೋದೆ. ಇವತ್ತು ಮಾರ್ಕೆಟ್ ರಜೆ ಎಂದು ಅಲ್ಲಿ ಇಳಿದ ಮೇಲೆ ನೆನಪಾಯಿತು. ನನಗೆ ನಾನೇ ಬೈದುಕೊಂಡು ತಿರುಗುವಷ್ಟರಲ್ಲಿ ಗೋದಾಮಿನ ಹಿಂದೆ ದಪ್ಪು ಬಾರಿಸುವ ಸದ್ದು. ಹೋಗಿ ನೋಡಿದೆ. ನೂರೈವತ್ತು ಹಮಾಲರು, ಎಲ್ಲ ಬಿಜಾಪುರ, ಗುಲ್ಬರ್ಗದ ಕಡೆಯವರು. ನಡುವೆ ಹಾಡು. ಒಂದು ಕಡೆ ಹಳದಿ ರುಮಾಲಿನ ಗಂಡಸು, ಜಟ್ಟೆಪ್ಪ ಅಂತೆ, ಈರುಳ್ಳಿ ಚೀಲ ಹೊರುವವನು. ಎದುರಿಗೆ ಮೂರು ಹೆಂಗಸರು. ನಡುವಿನವಳು ಶರಣಬಸಮ್ಮ. ಐವತ್ತು ದಾಟಿದೆ, ಬೇಲಾಪುರದಲ್ಲಿ ಕಟ್ಟಡದ ಕೆಲಸ, ಹಾಡಲಿಕ್ಕೆಂದೇ ಬಂದಿದ್ದಳು.

ಅವನು ಹಾಡಿನಲ್ಲೇ ಕೇಳುತ್ತಾನೆ, ಆಕಾಶ ಇಲ್ಲದೆ ಮಳೆ ಎಲ್ಲಿಂದ ಬಂತು ಎಂದು. ಅವಳು ಹಾಡಿನಲ್ಲೇ ಕೊಡುತ್ತಾಳೆ, ಭೂಮಿ ಇಲ್ಲದಿದ್ದರೆ ನಿನ್ನ ಮಳೆ ಎಲ್ಲಿ ಬೀಳುತ್ತಿತ್ತೋ ಎಂದು. ಹಿಂದಿನವರು ಗೀಯ ಗೀಯ ಎಂದು ಎಳೆಯುತ್ತಾರೆ. ಜನ ರುಮಾಲು ಹಾರಿಸುತ್ತಾರೆ. ಮೂರು ಗಂಟೆ ನಿಂತೇ ಕೇಳಿದೆ. ಮೊಣಕಾಲು ಹೋಯಿತು. ಹೋಗಲಿ.

ವಾಶಿಗೆ ಹೋಗಬೇಕಾದವರು ಇವರು. ಡೊಂಬಿವಲಿಯ ಬೋರ್ಡನ್ನು ಇವರು ಎಲ್ಲಿಂದ ನೋಡಬೇಕು?

೫.೧೨.೯೬, ಗುರುವಾರ

ಫಾರ್ಮ್ ತೆಗೆದುಕೊಂಡು ಕಲ್ಯಾಣಕ್ಕೆ ಹೋದೆ. ಮರಾಠಿ ಫಾರ್ಮ್. ಹೋಟೆಲಿನಲ್ಲಿ ಕಲಿತ ಮರಾಠಿ ಸಾಕು. ಜಟ್ಟೆಪ್ಪ ಚೀಲದ ರಾಶಿಯ ಮೇಲೆ ಕೂತು ಹೆಸರು ಹೇಳಿದ. ನಾನು ಬರೆದೆ.

"ಗುಂಪಿನ ಮುಖ್ಯಸ್ಥ ಯಾರು?"

"ಮತ್ಯಾರ್ರೀ ಶೆಟ್ರ, ನಾನs!"

"ನಾನು ಶೆಟ್ಟಿ ಅಲ್ಲ."

"ಆಗ್ಲಿ ಬಿಡ್ರಿ ಶೆಟ್ರ."

ಹೋಟೆಲು ನಡೆಸಿದವರೆಲ್ಲ ಇವರಿಗೆ ಶೆಟ್ಟರೇ.

"ಆ ಹೆಂಗಸನ್ನು ಎಲ್ಲಿ ಬರೆಯಲಿ?"

"ಕೆಳಗ ಎಲ್ಲೆರ ಬರೀರಿ."

ಸುತ್ತಲಿನ ಹಮಾಲರು ಕಿಸಕ್ಕೆಂದರು. ಯಾಕೆಂದು ಕೇಳಲಿಲ್ಲ. ಒಂದನೆಯದು ಜಟ್ಟೆಪ್ಪ. ಎರಡು ದಪ್ಪಿನ ಸಿದ್ರಾಮ. ಮೂರು ಗೀಯ ಎನ್ನುವ ಹುಡುಗ. ನಾಲ್ಕನೆಯದು ಶರಣಬಸಮ್ಮ, ಸಹಗಾಯಕಿ. ಐದು, ಆರು ಅವಳ ಜೊತೆಯ ದಾನಮ್ಮ, ಇನ್ನೊಬ್ಬಳು. ಒಂದೂ ಕಾಟು ಹೊಡೆಯದೆ ಬರೆದೆ.

೭.೧೨.೯೬, ಶನಿವಾರ

ಫಾರ್ಮಿಗೆ ನೋಂದಾಯಿತ ಸಂಸ್ಥೆಯ ಸೀಲು ಬೇಕು. ಕಶ್ಯಪ ತಲೆ ಕೆರೆದ. "ಅವರು ನಮ್ಮ ಮೆಂಬರ್ ಅಲ್ಲವಲ್ಲ ತಾರಾನಾಥಣ್ಣ."

"ಮೆಂಬರುಗಳಿಗೆ ಬರುವುದು ಎಂತ? ವರ್ಷಕ್ಕೊಂದು ಹೋಳಿಗೆ ಊಟ. ಸೀಲು ತೆಗಿ."

"ಕಮಿಟಿಯಲ್ಲಿ ಕೇಳಿದ್ರೆ?"

"ತಾರಾನಾಥ ಕುತ್ತಿಗೆ ಹಿಡಿದ ಎಂದು ಹೇಳು. ಎಲ್ಲರೂ ನಂಬುತ್ತಾರೆ."

ಸೀಲು ಬಿತ್ತು. ಕುರ್ಲಾದಲ್ಲಿ ಬದಲಿಸಿ ಹಾರ್ಬರ್ ಲೈನಿನ ಲೋಕಲ್ ಗಾಡಿ ಹತ್ತಿ ಬೇಲಾಪುರದ ಆಫೀಸಿಗೆ ನಾನೇ ಕೊಟ್ಟು ಬಂದೆ. ಇವತ್ತೇ ಕೊನೆಯ ದಿನ. ಪೋಸ್ಟಿನವರ ಮೇಲೆ ನನಗೆ ನಂಬಿಕೆ ಇಲ್ಲ.

೨೮.೧೨.೯೬, ಶನಿವಾರ

ಬಂತು! ಸಂಘದ ವಿಳಾಸಕ್ಕೆ ಕಾಗದ. ಆಯ್ಕೆಯಾಗಿದೆ. ಹತ್ತು ನಿಮಿಷ. ಕಶ್ಯಪನ ಮುಖದ ಮುಂದೆ ಎರಡು ಸಲ ಆಡಿಸಿದೆ. ಅವನೂ ನಕ್ಕ, ಪಾಪ. ಚಾ ತರಿಸಿದ. ಆರು ವರ್ಷದಲ್ಲಿ ಮೊದಲು. ನಾಳೆಯೇ ಬೇಲಾಪುರಕ್ಕೆ ಹೋಗಿ ಆ ಹೆಂಗಸಿಗೆ ಹೇಳಬೇಕು.

೨೯.೧೨.೯೬, ಆದಿತ್ಯವಾರ. ಸಂಜೆ

ಹೋಗಬಾರದಿತ್ತು.

ಸೈಟಿನ ಪಕ್ಕದ ತಗಡಿನ ಮನೆ. ಶರಣಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಹೇಳಿದೆ. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಮೈಕಿನ ಮುಂದೆ, ದೊಡ್ಡ ಸ್ಟೇಜಿನ ಮೇಲೆ ಒಂದು ಸಲ ಹಾಡಬೇಕೆಂದು ಮೂವತ್ತು ವರ್ಷದ ಆಸೆಯಂತೆ. ಗೋದಾಮಿನ ಹಿಂದೆ, ರೈಲು ಹಳಿಯ ಪಕ್ಕ, ಬರೀ ಅಂಥಲ್ಲೇ ಹಾಡಿದವಳು. ಮೊಮ್ಮಗಳು ಮಲ್ಲಿಕಾಳನ್ನು ಕರೆದು ಕಾಗದ ಓದಿಸಿದಳು. ಹುಡುಗಿ ಮರಾಠಿ ಶಾಲೆಯವಳು, ಗಟ್ಟಿಯಾಗಿ ಓದಿದಳು — "ಶ್ರೀ ಜಟ್ಟೆಪ್ಪಾ ಆಣಿ ಮಂಡಳೀ."

"ಇನ್ನೊಮ್ಮೆ ಓದು."

ಓದಿದಳು. ರೊಟ್ಟಿ ಬಡಿಯುವುದು ನಿಂತಿತು.

"ಶೆಟ್ರ, ನಾವು ಜಟ್ಟೆಪ್ಪನ ಮಂಡಳಿ ಅಂತ ನಿಮಗ ಯಾರು ಹೇಳ್ಯಾರ?"

ಆಮೇಲೆ ಗೊತ್ತಾಯಿತು. ಅವರು ಒಂದು ಗುಂಪೇ ಅಲ್ಲ. ಅವನದು ಹರದೇಶಿ, ಗಂಡೇ ಮೇಲು ಎಂದು ಹಾಡುವ ಪಕ್ಷ. ಇವಳದು ನಾಗೇಶಿ, ಹೆಣ್ಣೇ ಮೇಲು ಎನ್ನುವ ಪಕ್ಷ. ತಲೆಮಾರಿನಿಂದ ಎದುರುಬದುರು. ಒಬ್ಬರ ಗುಂಪಿನಲ್ಲಿ ಇನ್ನೊಬ್ಬರ ಹೆಸರು ಬರುವ ಹಾಗೇ ಇಲ್ಲ. ನಾನು ಇವಳನ್ನು ಅವನ ಕೈಕೆಳಗೆ ನಾಲ್ಕನೆಯವಳನ್ನಾಗಿ ಬರೆದು, ಸೀಲು ಹೊಡೆಸಿ, ಸರ್ಕಾರಕ್ಕೆ ಕೊಟ್ಟು ಬಂದಿದ್ದೇನೆ.

"ಯಾರು ಮ್ಯಾಲ ಅಂತ ನಾವು ದಿನಾ ಪೂರಾ ಹಾಡ್ತೀವಿ, ಆದ್ರೂ ಮುಗಿಯಂಗಿಲ್ಲ. ನೀವು ಹಾಡೂ ಪೂರಾ ಕೇಳದ ಕಾಗದದ ಮ್ಯಾಲ ನ್ಯಾಯಾ ಹೇಳಿಬಿಟ್ರಿ," ಎಂದಳು. ಕಾಗದ ಮಡಚಿ ನನ್ನ ಜೇಬಿಗೇ ಹಾಕಿದಳು. "ನಾ ಬರಂಗಿಲ್ಲ."

ನನಗೆ ಸಿಟ್ಟು ಬಂತು. "ಇಷ್ಟು ದೂರ ಬಂದದ್ದಕ್ಕೆ ಇದಾ? ನಿನಗೋಸ್ಕರ ಗಾಡಿಯಲ್ಲಿ ನೇತಾಡಿಕೊಂಡು ಬಂದಿದ್ದೇನೆ!" ಎಂದು ಕೂಗಿ ಬಂದೆ.

ಕಲ್ಯಾಣದಲ್ಲಿ ಇಳಿದು ಜಟ್ಟೆಪ್ಪನನ್ನೂ ಹಿಡಿದೆ. "ಯಾಕೋ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲರಿ," ಎಂದ. ಆಮೇಲೆ ಮೀಸೆ ಇಳಿಯಿತು. "ಖರೇನs ಬರಂಗಿಲ್ಲ ಅಂದ್ಲೇನ್ರಿ ಆಕಿ?"

೨.೧.೯೭, ಗುರುವಾರ

ಮೂರು ದಿನ ಬೋರ್ಡ್ ಮುಟ್ಟಲಿಲ್ಲ. ಡೈರಿಯನ್ನೂ.

ಹೆಂಡತಿ ಗಂಗಾಳಿಗೆ ತಡೆಯಲಾಗಲಿಲ್ಲ. "ಎಂತ ಮುಖ ಊದಿಸಿಕೊಂಡು ಕೂತಿದ್ದೀರಿ? ಇಡ್ಲಿಗಾದ್ರೂ ಉತ್ತರ ಕೊಡಿ."

ಕಥೆ ಹೇಳಿದೆ. ಹೆಂಡತಿ ನನ್ನ ಪಕ್ಷ ಹಿಡಿಯುತ್ತಾಳೆ ಎಂದುಕೊಂಡಿದ್ದೆ.

"ಅವಳು ಹೇಳಿದ್ದರಲ್ಲಿ ತಪ್ಪೆಂತ ಉಂಟು? ನಿಮ್ಮ ಹೋಟೆಲಿಗೆ ಮೂವತ್ತು ವರ್ಷ ಹಿಟ್ಟು ರುಬ್ಬಿದವಳು ನಾನು. ಹೊರಗಿನ ಬೋರ್ಡಲ್ಲಿ ಯಾರ ಹೆಸರು ಉಂಟು?"

"ದೇವರ ಹೆಸರು."

"ಕೆಳಗೆ ಪ್ರೊಪ್ರೈಟರ್ ಅಂತ ಉಂಟಲ್ಲ, ಅದು ಯಾವ ದೇವರು?"

ಇಡ್ಲಿ ತಿಂದೆ. 

೬.೧.೯೭, ಸೋಮವಾರ

ಬೇಲಾಪುರದ ಆಫೀಸು. ಹೆಸರು ಬದಲಿಸಿ ಎಂದೆ. ಗುಮಾಸ್ತ ರತ್ನಾಗಿರಿಯವನು, ತೆಳ್ಳಗೆ, ಕಿವಿಯಲ್ಲಿ ಪೆನ್ಸಿಲ್. "ಲಿಸ್ಟ್ ಟೈಪ್ ಝಾಲೀ ಕಾಕಾ. ಸಾಹೇಬರ ಸಹಿಯೂ ಆಗಿದೆ."

ನಾನು ಮೇಜು ಬಡಿದು ಎಲ್ಲ ವಿವರಿಸಿದೆ. ಗಂಡು ಮೇಲು, ಹೆಣ್ಣು ಮೇಲು, ಸವಾಲು, ಜವಾಬು. ಅಕ್ಕಪಕ್ಕದ ಮೇಜಿನವರು ಎದ್ದು ನಿಂತರು. ಅವನ ಪೆನ್ಸಿಲ್ ಕೆಳಗೆ ಬಿತ್ತು.

"ಅಹೋ ಕಾಕಾ, ಹೇ ತರ್ ಆಮಚಾ ಶಕ್ತಿ-ತುರಾ!"

ಅವರ ಊರಲ್ಲೂ ಇದೇ ಉಂಟಂತೆ. ಒಂದು ಪಕ್ಷ ಶಕ್ತಿಯದು, ಇನ್ನೊಂದು ಶಿವನದು. ಅವನ ಅಜ್ಜ ಹಾಡುತ್ತಿದ್ದನಂತೆ. ಎದುರು ಪಕ್ಷ ಇಲ್ಲದೆ ಅದನ್ನು ಹಾಡುವುದೆಂದರೆ ಒಬ್ಬನೇ ಕುಸ್ತಿ ಆಡಿದ ಹಾಗೆ ಎಂದು ನಕ್ಕ. ಟೈಪಾದ ಹೆಸರು ಬದಲಾಗುವುದಿಲ್ಲ. ಆದರೆ ಹತ್ತು ನಿಮಿಷದ್ದು ಇಪ್ಪತ್ತು ಮಾಡಿದ. ಮೈಕಿನಲ್ಲಿ ಹೆಸರು ಕೂಗುವವನೂ ಅವನೇ, ಇಬ್ಬರದ್ದೂ ಕೂಗುತ್ತಾನಂತೆ. "ಹಾಡಿನ ಸಾಲು ಮೊದಲೇ ಬರೆದು ಕೊಡಬೇಕು ಅಂತ ನಿಯಮ ಇದೆ," ಎಂದ.

"ಸವಾಲು ಮೊದಲೇ ಬರೆದು ಕೊಟ್ಟರೆ ಅದು ಸವಾಲು ಹೇಗಾಗುತ್ತದೆ?"

"ಬರೋಬರ್." ಆ ಜಾಗದಲ್ಲಿ 'ಪಾರಂಪರಿಕ' ಎಂದು ಬರೆದು ಕಡತ ಮುಚ್ಚಿದ. ಒಳ್ಳೆಯ ಮನುಷ್ಯ. ಸರ್ಕಾರದಲ್ಲಿ ಹೇಗೆ ಸೇರಿಕೊಂಡನೋ.

೯.೧.೯೭, ಗುರುವಾರ. ಎಳ್ಳಮಾವಾಸ್ಯೆ

ಮತ್ತೆ ಸೈಟಿಗೆ. ಇವತ್ತು ಅವರ ಕಡೆ ಹಬ್ಬ, ಮಧ್ಯಾಹ್ನದ ಮೇಲೆ ರಜೆ. ಊರಲ್ಲಾದರೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರಂತೆ, ಭೂಮಿತಾಯಿಗೆ ಊಟ. ಇಲ್ಲಿ ಹೊಲ ಎಲ್ಲಿ? ಇನ್ನೂ ಕಟ್ಟಡ ಏಳದ ಪ್ಲಾಟಿನಲ್ಲಿ, ಸರ್ಕಾರದ ಸಿಡ್ಕೋದವರು ನೆಟ್ಟ ಗಡಿಕಲ್ಲಿನ ಸುತ್ತ, ಕಡುಬು, ಭಜ್ಜಿ ಪಲ್ಯ ಚೆಲ್ಲುತ್ತಿದ್ದರು. ಶರಣಬಸಮ್ಮನೇ ಮುಂದೆ.

ಅವಳು ತಿರುಗಿದ ಕೂಡಲೇ ಹೇಳಿಬಿಟ್ಟೆ. "ನನಗೆ ಗೊತ್ತಿರಲಿಲ್ಲ! ಕೇಳಬೇಕಿತ್ತು, ಕೇಳಲಿಲ್ಲ! ತಪ್ಪಾಯಿತು!"

ವಾಚ್‌ಮನ್ ಓಡಿ ಬಂದ.

"ಶೆಟ್ರ, ಇದೇನು ತಪ್ಪ ಒಪ್ಪಕೊಳ್ಳೋದೋ, ಜಗಳಾ ತಗಿಯೋದೋ?" ಎಂದಳು ಶರಣಬಸಮ್ಮ. ದಾನಮ್ಮ, ಅವಳ ಹಿಂದೆ ಗೀಯ ಎನ್ನುವವಳು, ಬಾಯಿಗೆ ಸೆರಗು ಹಿಡಿದು ನಕ್ಕಳು.

"ನನಗೆ ಬರುವುದೇ ಹೀಗೆ."

ಎಲೆ ಹಾಕಿದರು. ಭಜ್ಜಿ ಪಲ್ಯ ಮೂರು ಸಲ ಹಾಕಿಸಿಕೊಂಡೆ. ಮೈಕಿನಲ್ಲಿ ಇಬ್ಬರ ಹೆಸರೂ ಕೂಗುತ್ತಾರೆ ಎಂದೆ. ತಿಂದಾದ ಮೇಲೆ ಅವಳು ಹೇಳಿದಳು. "ಹೆಸರು ಅವಂದs ಮೊದಲ ಕೂಗ್ಲಿ. ಮೊದಲ ಸವಾಲು ನಂದು. ಒಪ್ತಾನೇನು ಕೇಳ್ರಿ."

೧೨.೧.೯೭, ಆದಿತ್ಯವಾರ

ಜಟ್ಟೆಪ್ಪ ಕೇಳಿದ ಕೂಡಲೇ ಒಪ್ಪಿದ. "ಹೆಸರು ನಂದs ಮೊದಲಾ? ಆತು ಬಿಡ್ರಿ!" ಎಲೆ ಅಡಿಕೆ ಜಗಿಯುತ್ತಿದ್ದವನು ಸ್ವಲ್ಪ ಹೊತ್ತಿಗೆ ನಿಲ್ಲಿಸಿದ. "ತಡೀರಿ ತಡೀರಿ. ಮೊದಲ ಸವಾಲು ಆಕೀದು? ಇಪ್ಪತ್ತು ನಿಮಿಷದಾಗ ನಾ ಬರೇ ಜವಾಬು ಕೊಡಕೋತ ನಿಂದರಬೇಕಾ?"

"ಒಪ್ಪಿ ಆಯಿತಲ್ಲ."

"ಏನ್ ಕೇಳ್ತಾಳಂತ?"

"ನನಗೇನು ಗೊತ್ತು."

"ಮೆಲ್ಲಗ ಕೇಳಿಕೊಂಡು ಬರ್ರಿ ಶೆಟ್ರ, ನಿಮ್ಮ ಕಾಲಿಗೆ ಬೀಳ್ತೀನಿ."

ಹಮಾಲರು ಚೀಲದ ಮೇಲೆ ಉರುಳಾಡಿ ನಕ್ಕರು. ಈ ಸಲ ನಾನೂ.

೨೪.೧.೯೭, ಶುಕ್ರವಾರ

ಹಾಳಾಯಿತು. ಸಂಜೆ ಸೈಟಿನ ಪಕ್ಕದ ಬೂತಿನಿಂದ ಮಲ್ಲಿಕಾ ಫೋನ್ ಮಾಡಿದಳು. "ದಾದಾಜೀ, ಆಜಿ ನಹೀ ಆಯೇಗೀ. ಸ್ಲ್ಯಾಬ್ ಹೈ."

ಅಜ್ಜಿ ಬರುವುದಿಲ್ಲವಂತೆ, ೨೬ಕ್ಕೇ ಕಟ್ಟಡದ ಸ್ಲ್ಯಾಬ್ ಹಾಕುವುದಂತೆ. ಒಮ್ಮೆ ಕಾಂಕ್ರೀಟ್ ಶುರುವಾದರೆ ನಡುವೆ ನಿಲ್ಲಿಸುವ ಹಾಗಿಲ್ಲ. ಇದ್ದಬದ್ದ ತಲೆಗಳೆಲ್ಲ ಬೇಕು. ಹಾಡಲು ಹೋದವರು ವಾಪಸು ಕೆಲಸಕ್ಕೆ ಬರುವುದು ಬೇಡ ಎಂದು ಆಳುಗಳ ಮೇಸ್ತ್ರಿ, ಮುಕಾದಮ, ಹೇಳಿದ್ದಾನೆ. ಮೂರು ಹೆಂಗಸರು, ಮೂರು ಮನೆಯ ಅನ್ನ. ಹೇಗೆ ಬನ್ನಿ ಎನ್ನಲಿ?

ಫೋನು ಇಟ್ಟ ಮೇಲೆ ಬೈಯಲು ಯಾರೂ ಸಿಗಲಿಲ್ಲ. ಟಿವಿಗೆ ಬೈದೆ.

೨೫.೧.೯೭, ಶನಿವಾರ. ಮಧ್ಯಾಹ್ನ ೩

ಬೆಳಿಗ್ಗೆಯೇ ಕಲ್ಯಾಣಕ್ಕೆ ಓಡಿದೆ. ಜಟ್ಟೆಪ್ಪನಿಗೆ ಹೇಳಿದೆ. ಅವನಿಗೆ ಖುಷಿಯಾಗಬಹುದು ಎಂದುಕೊಂಡಿದ್ದೆ — ಸವಾಲಿಲ್ಲ, ಜವಾಬಿಲ್ಲ, ಇಪ್ಪತ್ತು ನಿಮಿಷವೂ ಅವನದೇ. ಅವನು ಬೆನ್ನ ಮೇಲಿನ ಚೀಲ ದೊಪ್ಪೆಂದು ಇಳಿಸಿದ.

"ಆಕಿ ಇಲ್ದ ನಾ ಯಾರ ಮುಂದ ದೊಡ್ಡಾಂವ ಆಗ್ಲಿ?"

ಅದೇ ಚೀಲದ ಮೇಲೆ ಕೂತ. ಆಮೇಲೆ ಹಮಾಲರನ್ನು ಕರೆದ. ನಾಳೆ ಮಾರ್ಕೆಟ್ ರಜೆ. ಮೂರು ಹೆಂಗಸರ ಬದಲು ಎಂಟು ಗಂಡಾಳು ಸ್ಲ್ಯಾಬಿಗೆ. "ಮುಕಾದಮಗ ಹೇಳ್ರಿ, ಬಾಂಡ್ಲಿ ಅಲ್ಲ, ಮಶೀನನs ಹೊತ್ತು ಮ್ಯಾಲ ಇಡ್ತಾರ ಅಂತ."

ಅವನನ್ನೂ ಕರೆದುಕೊಂಡು ಸೈಟಿಗೆ ಹೋದೆ. ಮುಕಾದಮ ಮೊದಲು ಕೊಸರಾಡಿದ. ಜಟ್ಟೆಪ್ಪ ಅಲ್ಲಿದ್ದ ಸಿಮೆಂಟ್ ಚೀಲ ಎರಡನ್ನು ಒಟ್ಟಿಗೆ ಎತ್ತಿ ತೋರಿಸಿದ. ಮುಕಾದಮ ಆಗಲಿ ಎಂದು ತಲೆಯಾಡಿಸಿದ.

ಶರಣಬಸಮ್ಮ ಎಲ್ಲ ನೋಡುತ್ತಿದ್ದಳು. ಥ್ಯಾಂಕ್ಸ್ ಇಲ್ಲ, ಏನೂ ಇಲ್ಲ. "ಎಲೋ ಜಟ್ಟ್ಯಾ, ಹೆಂಗಸರು ಮೂರು ಮಂದಿ ಮಾಡೋ ಕೆಲಸಕ್ಕ ಗಂಡಸರು ಎಂಟು ಮಂದಿ ಬೇಕಾತಲ್ಲೋ," ಎಂದಳು.

ಅವನು ಕೈ ಮುಗಿದ. "ಅವ್ವಾ, ಇದನ್ನ ನಾಳಿಗೆ ಕೇಳಬ್ಯಾಡ."

೨೬.೧.೯೭, ಆದಿತ್ಯವಾರ. ಸಂಜೆ, ಮನೆ

ಗಂಟಲು ಕೂತಿದೆ. ಆದರೂ ಬರೆಯಬೇಕು.

ವಾಶಿಯ ಹಾಲ್ ತುಂಬಿತ್ತು. ಕಶ್ಯಪ ಕೂಡ ಬಂದಿದ್ದ, ಹೆಂಡತಿ ಮಕ್ಕಳ ಸಮೇತ. ನಾನು ಮೂರನೇ ಸಾಲು. ಗಂಗಾ ಪಕ್ಕದಲ್ಲಿ. ರತ್ನಾಗಿರಿಯ ಗುಮಾಸ್ತ ಮೈಕಿನಲ್ಲಿ ಕೂಗಿದ, ಜಟ್ಟೆಪ್ಪನ ಹೆಸರು ಮೊದಲು, ಆಮೇಲೆ ಶರಣಬಸಮ್ಮನದು. ಇದು ನಮ್ಮ ಶಕ್ತಿ-ತುರಾದ ಅಕ್ಕ ಎಂದು ಮರಾಠಿಯಲ್ಲಿ ಹೇಳಿದ. ಜನ ಸೀಟಿ ಹೊಡೆದರು.

ಶರಣಬಸಮ್ಮ ಹಸಿರು ಸೀರೆ ಉಟ್ಟಿದ್ದಳು. ಮೈಕು ಅವಳಿಗಿಂತ ಎತ್ತರ. ಯಾರೋ ತಗ್ಗಿಸಲು ಬಂದರು. ಅವಳು ಮೈಕನ್ನು ಒಮ್ಮೆ ಮುಟ್ಟಿ ನೋಡಿದಳು, ಎಳೆಯ ಕರುವನ್ನು ಮುಟ್ಟಿದ ಹಾಗೆ. ಆಮೇಲೆ ಎತ್ತಿದಳು ದನಿ. ಹಿಂದಿನ ಸಾಲಿನಲ್ಲಿ ಅಳುತ್ತಿದ್ದ ಮಗು ಸುಮ್ಮನಾಯಿತು.

ಆಕಾಶ, ಭೂಮಿ, ಶಿವ, ಶಕ್ತಿ ಎಲ್ಲ ಆಯಿತು. ಜಟ್ಟೆಪ್ಪ ಚೆನ್ನಾಗಿಯೇ ಜವಾಬು ಕೊಟ್ಟ, ಬೆವರಿದ. ಇನ್ನೇನು ಮುಗಿಯಬೇಕು, ಅವಳು ಕೈ ಎತ್ತಿ ದಪ್ಪು ನಿಲ್ಲಿಸಿದಳು.

"ಕಾಗದ ಬರದಾಂವ ಗಂಡಿನ ಹೆಸರ ಮೊದಲ ಬರದಾನೋ,
ಬರದ ಕೈಯ ಹಡದಾಕಿ ಹೆಸರ ಎಲ್ಲಿ ಮರೆತಾನೋ?"

ಗೀಯ ಗೀಯ ಎಂದು ದಾನಮ್ಮ ಎಳೆದಳು. ಜಟ್ಟೆಪ್ಪ ಬಾಯಿ ತೆರೆದ. ಶರಣಬಸಮ್ಮ ತಡೆದಳು. "ಈ ಸವಾಲು ನಿನಗಲ್ಲೋ. ಅಕಾ, ಅಲ್ಲಿ ಮೂರನೇ ಸಾಲಿನ್ಯಾಗ ಕುಂತಾರ ನಮ್ಮ ಡೊಂಬಿವಲಿ ಅಣ್ಣಾರು. ಏಳ್ರಿ ಅಣ್ಣಾ. ನಿಮ್ಮವ್ವನ ಹೆಸರೇನು?"

ಗುಮಾಸ್ತ ಅದನ್ನು ಮರಾಠಿಯಲ್ಲಿ ಹೇಳಿಬಿಟ್ಟ, ಕತ್ತೆ. ಇಡೀ ಹಾಲ್ ತಿರುಗಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಗಂಗಾ ಪಕ್ಕೆಗೆ ತಿವಿದು ತುಳುವಿನಲ್ಲಿ, ಏಳಿ ಎಂದಳು. ಎದ್ದೆ. ಅರವತ್ತಾರು ವರ್ಷದ ಮುದುಕ, ಶಾಲೆಯಲ್ಲಿ ನಿಂತ ಹಾಗೆ ನಿಂತೆ.

"ದ್ರೌಪದಿ!"

ಮೈಕ್ ಬೇಕಾಗಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಜಟ್ಟೆಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹಾಡಿಯೇ ಬಿಟ್ಟ:

"ಅಕ್ಷರ ದ್ರೌಪದಿ ಮಗಂದೋ,
ಕಳ್ಳತನ ನಂದೋ!"

ಜನ ಕುರ್ಚಿಯ ಮೇಲೆ ಹತ್ತಿದರು. ಇಪ್ಪತ್ತು ನಿಮಿಷದ್ದು ನಲವತ್ತಾಯಿತು, ಯಾರೂ ಗಂಟೆ ಬಾರಿಸಲಿಲ್ಲ. ಮುಗಿದ ಮೇಲೆ ಗುಮಾಸ್ತ ಓಡಿ ಬಂದ. ಶಿಮಗಾ, ಅಂದರೆ ಹೋಳಿ ಹಬ್ಬಕ್ಕೆ ಅವನ ಊರಲ್ಲಿ ಶಕ್ತಿ-ತುರಾದ ಮುಂದೆ ಇವರು ಹಾಡಬೇಕಂತೆ, ಎರಡೂ ಪಕ್ಷ. ಶರಣಬಸಮ್ಮ ಕೇಳಿದ್ದು ಒಂದೇ: "ಅಲ್ಲೂ ಮೈಕ್ ಐತೇನ್ರಿ?"

ಗಾಡಿಯಲ್ಲಿ ಗಂಗಾ ಹೇಳಿದಳು, "ಮದುವೆಯಾಗಿ ನಲವತ್ತೆರಡು ವರ್ಷ. ಅತ್ತೆಯ ಹೆಸರು ನಿಮ್ಮ ಬಾಯಲ್ಲಿ ಇವತ್ತೇ ಕೇಳಿದ್ದು."

ಹೌದು. ಅಮ್ಮ ಎಂದೇ ಇದ್ದಳು. ರೇಷನ್ ಕಾರ್ಡ್ ಬರುವ ಮೊದಲೇ ಹೋದಳು. ಯಾವ ಕಾಗದದಲ್ಲೂ ಇಲ್ಲ. ನಾನು ಇಷ್ಟು ವರ್ಷ ಗೀಚಿದ ಡೈರಿಗಳಲ್ಲೂ ಇಲ್ಲ.

ದ್ರೌಪದಿ. ಊರು ಕಟಪಾಡಿಯ ಹತ್ತಿರ. ಓದು ಬರಹ ಇಲ್ಲ. ನೇಜಿ ನೆಡುವಾಗ ಅವಳು ಹಾಡು ಎತ್ತಿಕೊಟ್ಟರೆ ಗದ್ದೆ ತುಂಬ ಹೆಂಗಸರು ಹಾಡುತ್ತಿದ್ದರು. ದಂಡೆಯ ಮೇಲೆ ಕೂತು ಕೇಳುತ್ತಿದ್ದೆ. ಮರೆತೇ ಹೋಗಿದೆ ಎಂದುಕೊಂಡಿದ್ದೆ. ಇಲ್ಲ, ಮೊದಲ ಸಾಲು ಬರುತ್ತಿದೆ. ಅದು —